ಸ್ಥಿರಾಸ್ತಿ

ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ನನ್ನ ಕೆಲಸ.
ಕ್ರಯ, ಅಡಮಾನ, ದಾನ, ಪಾಲುಪಟ್ಟಿ.
ತಮ್ಮ ಬೇಲಿ ಎಲ್ಲಿಗೆ ಮುಗಿಯಿತೆಂದು ಕೇಳಿಕೊಂಡು ಬರುತ್ತಾರೆ,
ಏಣಿ ಹತ್ತಿ ಪುಸ್ತಕ ಇಳಿಸಿ ಕೊಡುತ್ತೇನೆ.
ನಕಲು ಬೇಕಾದರೆ ಪುಟಕ್ಕೆ ಅರ್ಧ ಡಾಲರು.

ಕಿಟಕಿ ಒಂದೇ. ಅದರಲ್ಲಿ ಓಹಾಯೋ ನದಿ
ಒಂದು ಗೇಣು ಕಾಣುತ್ತದೆ.
ಈ ದಡ ಕೆಂಟಕಿ. ಆಚೆ ದಡ ಬೇರೆ ರಾಜ್ಯ,
ಇಲ್ಲಿ ಶಿಳ್ಳೆ ಹಾಕಿದರೆ ಅಲ್ಲಿನ ನಾಯಿ ಕಿವಿ ನಿಮಿರಿಸುವಷ್ಟು ಹತ್ತಿರ.
ಆ ಕಾಲದ ನಾಯಿಗೆ ಗೊತ್ತಿರಲಿಲ್ಲ
ತಾನು ನಿಂತ ಮಣ್ಣಲ್ಲಿ ಮನುಷ್ಯರನ್ನು ಮಾರುವಂತಿಲ್ಲ ಎಂದು.
ನದಿಗೂ ಗೊತ್ತಿರಲಿಲ್ಲ
ತಾನೊಂದು ಕಾನೂನು ಎಂದು.

'ಕೆ' ಸಂಪುಟ, ಪುಟ ಇನ್ನೂರ ಹದಿನಾಲ್ಕು, ಇಸವಿ 1849.
ಅಕ್ಷರ ಮುದ್ದಾಗಿದೆ, ಹೇಳದೆ ಇರಲಾರೆ.
ಗುಮಾಸ್ತ ಬಾರ್ನಬಸ್ ಓಗಲ್ ಬಾಲ ಎಳೆದು ಬರೆಯುತ್ತಿದ್ದ,
ಪ್ರತಿ ಹೆಸರಿನ ತುದಿಗೂ ಒಂದು ಬಳ್ಳಿ.

"ಥ್ಯಾಡಿಯಸ್ ಪ್ರೂಯಿಟ್ ಆದ ನಾನು
ಸಾಲದ ಭದ್ರತೆಗೆ ಬರೆದುಕೊಟ್ಟದ್ದೇನೆಂದರೆ:
ಹಳ್ಳದ ಪಕ್ಕದ ನಲವತ್ತು ಎಕರೆ,
ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆ,
ಮಹೇಲಾ, ವಯಸ್ಸು ಹನ್ನೊಂದು, ಎಡ ಮುಂಗೈಯಲ್ಲಿ ಸುಟ್ಟ ಕಲೆ,
ಮುಂದೆ ಆಕೆಗೆ ಹುಟ್ಟಬಹುದಾದ ಸಂತಾನ ಸಹಿತ."

ಸಂತಾನ ಸಹಿತ.
ಮರ ಮಾರುವವನು ಬರುವ ಫಸಲನ್ನೂ ಸೇರಿಸಿ ಬರೆಯುವ ಹಾಗೆ.
ನಾನು ಆ ಮರದ ಐದನೆಯ ಸುಗ್ಗಿ.

ಆಗ ನಮ್ಮ ರಾಜ್ಯದಲ್ಲಿ, ವಾರಸಿನ ಲೆಕ್ಕಕ್ಕೆ,
ಗುಲಾಮರು ಸ್ಥಿರಾಸ್ತಿ: ಹೊಲ, ಬಾವಿ, ಕಲ್ಲುಗೋಡೆಯ ಹಾಗೆ.
ಕುದುರೆ, ಕುರ್ಚಿ, ಗಡಿಯಾರ ಚರಾಸ್ತಿ.
ಮೂರು ವರ್ಷ ಕಳೆದು ಶಾಸನಸಭೆ ಯೋಚಿಸಿ ತಿದ್ದಿತು:
ಇನ್ನು ಅವರೂ ಚರ.
ನನ್ನ ಮುತ್ತಜ್ಜಿಯ ಅಜ್ಜಿ
ನಿಂತ ನಿಲುವಿನಲ್ಲೇ ಹೊಲವಾಗಿದ್ದವಳು ಕುರ್ಚಿಯಾದಳು.

ಒಂದು ಚಳಿಗಾಲ ನದಿ ಕಲ್ಲಾಯಿತು.
ಕುರ್ಚಿ ಎದ್ದು ನಡೆಯಿತು.
ಕಾಲಿಗೆ ಗೋಣಿ ಸುತ್ತಿಕೊಂಡು, ರಾತ್ರಿ,
ಕೆಳಗೆ ನೀರು ನರಳುವುದನ್ನು ಕೇಳುತ್ತ.
ಆಚೆ ದಡದ ಅಂಗಡಿಯವನು ಕಾಫಿ ಕೊಟ್ಟ,
ಒಲೆಯ ಬಳಿ ಕೂರಿಸಿದ,
ಮತ್ತೆ ಹಿಂಬಾಗಿಲಿನಿಂದ ಹುಡುಗನನ್ನು ಓಡಿಸಿ
ಪ್ರೂಯಿಟ್‌ಗೆ ಸುದ್ದಿ ಮುಟ್ಟಿಸಿದ.
ಅವನ ರಾಜ್ಯ ಸ್ವತಂತ್ರ ರಾಜ್ಯವೇ.
ಆದರೆ ಸ್ವತಂತ್ರ ರಾಜ್ಯಕ್ಕೂ ಹಿಂಬಾಗಿಲಿತ್ತು.

'ಎಂ' ಸಂಪುಟದಲ್ಲಿ ಖರ್ಚಿನ ಪಟ್ಟಿ:
ಹಿಡಿದುಕೊಟ್ಟವರಿಗೆ ಹನ್ನೊಂದು ಡಾಲರು,
ಹಗ್ಗ,
ದೋಣಿ ಬಾಡಿಗೆ ಇಪ್ಪತ್ತೈದು ಸೆಂಟು.
ದೋಣಿ ಬಾಡಿಗೆ ಓದಿದಾಗ ತಿಳಿಯಿತು,
ಅಷ್ಟರಲ್ಲಿ ಮಂಜು ಒಡೆದಿತ್ತು.

ಯುದ್ಧ ಮುಗಿಯಿತು. ಗೆದ್ದವರ ಕಡೆಯೇ ನಾವಿದ್ದೆವು,
ಅದಕ್ಕೇ ಬಿಡುಗಡೆಯ ಘೋಷಣೆ ನಮಗೆ ತಟ್ಟಲಿಲ್ಲ.
ದಕ್ಷಿಣದಲ್ಲಿ ಸೋತವರ ಹೊಲಗಳಲ್ಲಿ ಜನ ಹಾಡಿ ಕುಣಿದ ಬೇಸಿಗೆಯಲ್ಲಿ
ಮಹೇಲಾ ಪ್ರೂಯಿಟ್‌ನ ಅಂಗಿಗೆ ಗಂಜಿ ಹಾಕುತ್ತಿದ್ದಳು.
ದೇಶದ ಸಂವಿಧಾನ ತಿದ್ದಿದ ಮೇಲೆ, ಡಿಸೆಂಬರಿನಲ್ಲಿ, ಸಾಕೆಂದರು.
ಕೆಂಟಕಿ ಆ ತಿದ್ದುಪಡಿಗೆ ತಾನೂ ಒಪ್ಪಿದ್ದೇನೆಂದು
ರುಜು ಹಾಕಿದ್ದು ಮಾತ್ರ 1976ರಲ್ಲಿ.

ಆಗ ನನಗೆ ಹನ್ನೊಂದು.
ಅಜ್ಜಿ ಒಡೆಸ್ಸಾ ಬಾಣಲೆಯಲ್ಲಿ ಮೀನು ಮಗುಚುತ್ತಿದ್ದಳು.
ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ.
ತಿರುಗಿ ನೋಡದೆ ಕೇಳಿದಳು:
"ಅಷ್ಟೊಂದು ಅವಸರ ಏನಿತ್ತಂತೆ?"

ನಿನ್ನೆ ಒಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ,
ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಾತಾಡುವಂಥವರು.
ಹಳ್ಳದ ಪಕ್ಕದ ನಲವತ್ತು ಎಕರೆ ಈಗ ಅವರದು.
ನಕಲು ತೆಗೆದು ಮುಂದಿಟ್ಟೆ.
ಓದುತ್ತ ಓದುತ್ತ ಕಿವಿ ಕೆಂಪಾಯಿತು.
"ನನಗೆ ಜಮೀನಿನ ಭಾಗ ಮಾತ್ರ ಸಾಕಿತ್ತು" ಎಂದರು.

ಎರಡೂ ಒಂದೇ ವಾಕ್ಯ ಸರ್, ಎಂದೆ.
ನಡುವೆ ಇರುವುದು ಒಂದು ಅಲ್ಪವಿರಾಮ.

ಅವರು ಜೇಬು ತಡಕಿದರು.
ಚಿಲ್ಲರೆ ಇರಲಿಲ್ಲ.